ಡ್ರೈವರು ಹೊಲಿದ ಕೌದಿ

ನನ್ನ ತಂಗಿಯ ಗಂಡನನ್ನು ಬೀದಿಯವರೆಲ್ಲ ಡ್ರೈವರು ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಸ್ಸು ಬಿಟ್ಟು ಬಹಳ ಕಾಲವಾಯಿತು. ಆದರೂ ತಿರುವಿನಲ್ಲಿ ಯಾವುದಾದರೂ ಗಾಡಿ ಜೋರಾಗಿ ಬಂದರೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಬ್ರೇಕು ಬಿದ್ದಂತೆ ಗಾಡಿ ನಿಧಾನವಾದರೆ ಅವರ ಮುಖದಲ್ಲಿ ಒಂದು ಸಮಾಧಾನ.

ಕೆಲಸದಲ್ಲಿದ್ದಾಗ ಬಸ್ಸಿಗೆ ಒಂದು ಸುತ್ತು ಬಾರದೆ ಅವರು ಸೀಟು ಹತ್ತಿದವರಲ್ಲ. ಸ್ಪ್ಯಾನರಿನಿಂದ ಟೈರುಗಳನ್ನು ತಟ್ಟಿ ಕಿವಿಗೊಡುತ್ತಿದ್ದರು. "ಗಾಡಿ ಮಾತಾಡತ್ತೆ ಅತ್ತಿಗೆ, ಕೇಳಿಸ್ಕೊಳ್ಳೋ ಕಿವಿ ಬೇಕು" ಎನ್ನುತ್ತಿದ್ದರು. ಮನೆಯೊಳಗೆ ಮಾತ್ರ ಆ ಕಿವಿ ರಜದಲ್ಲಿರುತ್ತಿತ್ತು. ಹಾಲು ಉಕ್ಕಿದರೂ ಕೇಳದು, ಹೆಂಡತಿ ಕೂಗಿದರೂ ಕೇಳದು.

ನನ್ನ ತಂಗಿ ಕೌದಿ ಹೊಲಿಯುವವಳು. ಜನ ತಮ್ಮ ತಮ್ಮ ಮನೆಯ ಹಳೇ ಬಟ್ಟೆಗಳನ್ನು ಗಂಟು ಕಟ್ಟಿ ತಂದುಕೊಡುತ್ತಿದ್ದರು. ಅವನ್ನು ಒಗೆದು, ಇಸ್ತ್ರಿ ಮಾಡಿ, ತುಂಡು ಕತ್ತರಿಸಿ, ಜೋಡಿಸಿ, ನಡುವೆ ಹಳೇ ಹೊದಿಕೆಯ ಪದರ ಇಟ್ಟು, ಮೂರನ್ನೂ ಸೇರಿಸಿ ಹೊಲಿದು ಕೊಡುತ್ತಿದ್ದಳು. ಮುಂದಿನ ಕೋಣೆಯ ಕಿಟಕಿಯ ಬಳಿ ಅವಳ ಮೆಷಿನ್ನು. ಕಪ್ಪು ಬಣ್ಣದ, ಕಾಲಲ್ಲಿ ತುಳಿಯುವ ಹಳೇ ಮೆಷಿನ್ನು. ಅದನ್ನು ಮುಟ್ಟುವ ಹಕ್ಕು ಗಂಡನಿಗೂ ಇರಲಿಲ್ಲ, ಮಗಳಿಗೂ ಇರಲಿಲ್ಲ. ಅದನ್ನು ಒರೆಸುವ ಬಟ್ಟೆಯಲ್ಲಿ ಬೇರೆ ಏನನ್ನೂ ಒರೆಸುವಂತಿರಲಿಲ್ಲ. ಹೊಲಿದು ಏಳುವಾಗ ಒಂದು ಚೂರು ಬಟ್ಟೆಯನ್ನು ಸೂಜಿಯ ಕೆಳಗಿಟ್ಟು, ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಅದರ ಮೇಲೆ ಇಳಿಸಿಯೇ ಏಳುತ್ತಿದ್ದಳು. ಇಳಿದ ಎಣ್ಣೆಯನ್ನು ಆ ಚೂರು ಕುಡಿಯುತ್ತದೆ, ಬಟ್ಟೆ ತಳ್ಳುವ ಹಲ್ಲುಗಳಿಗೆ ಪಾದ ಉಜ್ಜಿ ಸವೆಯುವುದಿಲ್ಲ. ಪಕ್ಕದ ಬೀದಿಯವಳಾದ ನಾನು ತರಕಾರಿ ಹೆಚ್ಚುತ್ತಾ ಅಲ್ಲೇ ಕೂತು ಇದನ್ನೆಲ್ಲ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ತಂಗಿಯ ಬಲಗೈ ಹಿಡಿದ ಲೋಟವನ್ನು ತಾನಾಗಿ ಬಿಟ್ಟಿತು. ಆಮೇಲೆ ಬಲಗಾಲು, ಆಮೇಲೆ ಮಾತು. ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಕ್ಕೆ ಮಾತು ತಿರುಗಿ ಬಂತು, ಮೊದಲಿಗಿಂತ ನಿಧಾನವಾಗಿ, ಮೊದಲಿನಷ್ಟೇ ಖಾರವಾಗಿ. ಹಿಡಿದುಕೊಂಡರೆ ಕುರ್ಚಿಯವರೆಗೆ ನಡೆಯುತ್ತಿದ್ದಳು. ಕೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಇಟ್ಟ ಜಾಗದಲ್ಲೇ ಇರುತ್ತಿತ್ತು.

ಅವಳು ಬಿದ್ದಾಗ ಮೆಷಿನ್ನಿನ ಪಕ್ಕದಲ್ಲಿ ಒಂದು ಕೌದಿ ಅರ್ಧಕ್ಕೆ ನಿಂತಿತ್ತು. ಅದು ನರ್ಸಮ್ಮನದು. ನರ್ಸಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಂಟಿ ಹೆಂಗಸು. ತಾಯಿ ತೀರಿಕೊಂಡ ಮೇಲೆ ತಾಯಿಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ತಂದು, "ಇವನ್ನ ಬೀರುವಲ್ಲಿ ನೋಡೋಕಾಗಲ್ಲ, ಎಸೆಯೋಕೂ ಆಗಲ್ಲ. ಹೊದ್ಕೊಳ್ಳೋ ಹಾಗೆ ಮಾಡಿಕೊಡಿ" ಎಂದಿದ್ದಳು. ಮೇಲಿನ ಪದರವನ್ನು ತಂಗಿ ಜೋಡಿಸಿ ಮುಗಿಸಿದ್ದಳು. ನೀಲಿ ಚೌಕಳಿ, ಸಣ್ಣ ಹೂವು, ಬಟ್ಟೆಯ ಜೊತೆಗೇ ಬಂದ ಒಂದು ಜೇಬು ಕೂಡ. ಮೂರು ಪದರ ಸೇರಿಸಿ ಹೊಲಿಯುವ ದೊಡ್ಡ ಕೆಲಸ ಉಳಿದಿತ್ತು.

ತಂಗಿಯನ್ನು ನೋಡಲು ಬಂದ ನರ್ಸಮ್ಮ ಮೆತ್ತಗೆ ಹೇಳಿದಳು. "ನನಗೆ ಬೇರೆ ಊರಿಗೆ ವರ್ಗ ಆಗಿದೆ. ತಿಂಗಳ ಕೊನೆಗೆ ಹೊರಡಬೇಕು. ನೀವು ತಲೆ ಕೆಡಿಸ್ಕೋಬೇಡಿ, ಆ ಗಂಟು ಹಾಗೇ ಕೊಟ್ಟುಬಿಡಿ. ಅಲ್ಲೇ ಯಾರ ಹತ್ರನಾದ್ರೂ ಹೊಲಿಸ್ಕೋತೀನಿ."

ಮಗಳು ಕೂಡಲೇ ಎದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ತಾಯಿಯ ಸುಸ್ತು ಕಂಡು ಸಾಕಾಗಿತ್ತು. "ಕೊಟ್ಬಿಡೋಣಮ್ಮಾ. ಆಮೇಲೆ ಆ ಮೆಷಿನ್ನನ್ನೂ ಯಾರಿಗಾದ್ರೂ ಕೊಟ್ರೆ ನಿನ್ನ ಮಂಚ ಕಿಟಕಿ ಹತ್ರ ಹಾಕಬಹುದು."

ತಂಗಿ ತಲೆ ಅಲ್ಲಾಡಿಸಿದಳು. "ಕೊಡಲ್ಲ. ಮುಗಿಸಿ ಕೊಡ್ತೀನಿ."

"ಯಾವ ಕೈಲಮ್ಮಾ?"

ನರ್ಸಮ್ಮ ಹೋದ ಮೇಲೆ ತಂಗಿ ನನ್ನ ಸೆರಗಿನ ತುದಿಯನ್ನು ಎಡಗೈಯಲ್ಲಿ ಹಿಡಿದು ಹೇಳಿದಳು. "ಈ ಗಂಟು ಹಾಗೇ ವಾಪಸ್ ಹೋದ್ರೆ ಇನ್ಯಾವ ಗಂಟೂ ಈ ಬಾಗಿಲಿಗೆ ಬರಲ್ಲ ಅಕ್ಕಾ. ಆಮೇಲೆ ನಾನು ಮಾತ್ರೆ ನುಂಗೋಳು ಅಷ್ಟೇ."

ಬಾಗಿಲ ಬಳಿಯ ಕುರ್ಚಿಯಿಂದ ಡ್ರೈವರು ಕೆಮ್ಮಿದರು. "ನಾನು ಹೊಲೀತೀನಿ" ಎಂದರು.

ಮಗಳು ನಕ್ಕಳು. ನನಗೂ ನಗು ಬಂತು. ತಂಗಿ ನಗಲಿಲ್ಲ. ಗಂಡನ ಕೈಗಳನ್ನು ಹೊಸ ಬಟ್ಟೆಯ ಥಾನು ನೋಡುವ ಹಾಗೆ ನೋಡಿದಳು. "ಅಂಗಿ ಗುಂಡಿ ಕಿತ್ತು ಬಂದ್ರೆ ಪಿನ್ನು ಚುಚ್ಕೊಂಡು ಓಡಾಡೋರು ನೀವು" ಎಂದಳು.

"ಪಿನ್ನು ಯಾವತ್ತಾದ್ರೂ ಬಿದ್ದಿದೆಯಾ?"

ಮರುದಿನ ಮಧ್ಯಾಹ್ನ ತಂಗಿ ಒಳಗಿನ ಕೋಣೆಯಲ್ಲಿ ಮಲಗಿದ್ದಾಗ ಡ್ರೈವರು ಕೆಲಸ ಶುರು ಮಾಡಿದರು. ಇಷ್ಟು ದಿನ ನಿಂತ ಗಾಡಿಯನ್ನು ಹಾಗೇ ಓಡಿಸಬಾರದು ಎಂಬುದು ಅವರ ಲೆಕ್ಕ. ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿ, ಮೆಷಿನ್ನಿನಲ್ಲಿ ಕಂಡ ಸಂದಿಗೆಲ್ಲ ಬೆರಳಲ್ಲಿ ತೆಗೆದು ತುಂಬಿದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಸ್ಟೂಲಿನ ಮೇಲೆ ಕೂತು ಪೆಡಲ್ ತುಳಿಯುತ್ತಿದ್ದರು, ಬೆವರುತ್ತಿದ್ದರು.

ಒಳಗಿನಿಂದ ತಂಗಿಯ ದನಿ ಬಂತು. "ಅಕ್ಕಾ, ಯಾಕದು ಕೆಸರಲ್ಲಿ ನಡೆಯೋ ಹಾಗೆ ನಡೀತಿದೆ?"

ಕೈಹಿಡಿದು ಅವಳನ್ನು ಹೊರಗೆ ಕರೆತಂದೆ. ಅವಳು ಚಕ್ರ ಮುಟ್ಟಿದಳು, ಬೆರಳು ಮೂಸಿದಳು.

"ಏನು ಹಾಕಿದ್ರಿ ಇದಕ್ಕೆ?"

"ಗ್ರೀಸು. ಒಳ್ಳೇ ಗ್ರೀಸು, ನಮ್ಮ ಡಿಪೋದ್ದು."

"ಬಸ್ಸಿಗೆ ಹಾಕೋದು?"

"ಅಷ್ಟು ದೊಡ್ಡ ಬಸ್ಸಿಗೇ ಆಗತ್ತೆ, ಇದಕ್ಕೆ ಆಗಲ್ವಾ?"

"ಹಾಗಾದ್ರೆ ನಾಳೆ ಬೆಳಿಗ್ಗೆ ನನಗೂ ಹಾಲಿನ ಬದಲು ಡೀಸೆಲ್ ಕೊಡಿ. ಬಸ್ಸಿಗೆ ಆಗತ್ತಲ್ಲ."

ಡ್ರೈವರ ಕಿವಿ ಕೆಂಪಾಯಿತು. ಆದರೆ ಎದ್ದು ಹೋಗಲಿಲ್ಲ. "ಸರಿ, ಏನು ಮಾಡಬೇಕು ಹೇಳು" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ತಂಗಿ ಕುರ್ಚಿಯಲ್ಲಿ ಕೂತು ಹೇಳುತ್ತಾ ಹೋದಳು. ಮೊದಲು ಸೂಜಿ ಬಿಚ್ಚಿಸಿದಳು, ದಾರ ತೆಗೆಸಿದಳು. ಬಿಚ್ಚಿದ ಸ್ಕ್ರೂಗಳನ್ನು ಅವರು ಹಳೇ ಪೇಪರಿನ ಮೇಲೆ ಬಿಚ್ಚಿದ ಸಾಲಿನಲ್ಲೇ ಇಟ್ಟರು, ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ಕೈಗೆ ಸಿಕ್ಕಷ್ಟು ಗ್ರೀಸು ಒರೆಸಿದರು. ಆಮೇಲೆ ಒಲೆ ಆರಿಸಿ, ಕಿಟಕಿ ತೆರೆದಿಟ್ಟು, ಎಣ್ಣೆ ಬಿಡುವ ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು, ದಾರವಿಲ್ಲದೆ ಮೆಷಿನ್ನು ತುಳಿದರು. ಕಪ್ಪು ನೀರು ಇಳಿಯಿತು. ಒರೆಸಿದರು, ಮತ್ತೆ ಬಿಟ್ಟರು, ಮತ್ತೆ ತುಳಿದರು. ಸಂಜೆಯಾಗುವ ಹೊತ್ತಿಗೆ ಇಳಿಯುವುದು ತಿಳಿಯಾಯಿತು.

ಸೂಜಿಯ ಕೆಳಗಿನ ತಟ್ಟೆ ಬಿಚ್ಚಿದಾಗ ಹಲ್ಲುಗಳ ಸಂದಿಯಲ್ಲಿ ನೂಲಿನ ಧೂಳು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಅದನ್ನು ಎಬ್ಬಿಸಿದರು.

"ಬಾಯಲ್ಲಿ ಊದಬೇಡಿ" ಎಂದಳು ತಂಗಿ. "ಧೂಳು ಇನ್ನೂ ಒಳಗೆ ಹೋಗತ್ತೆ, ಉಸಿರಿನ ನೀರಿಗೆ ತುಕ್ಕು ಹಿಡಿಯತ್ತೆ."

ಕೊನೆಗೆ ಮೆಷಿನ್ನಿನ ಎಣ್ಣೆ. ಡ್ರೈವರು ಡಬ್ಬಿಯನ್ನು ತಲೆಕೆಳಗು ಮಾಡಿದರು.

"ಒಂದೊಂದು ತೂತಿಗೆ ಒಂದೇ ಹನಿ. ಟ್ಯಾಂಕ್ ತುಂಬಿಸೋಕೆ ಬಂಕಿಗೆ ಬಂದಿಲ್ಲ ನೀವು."

ಎಣ್ಣೆ ಬಿಟ್ಟ ಮೇಲೆ ಹರಕು ಬಟ್ಟೆಯೊಂದನ್ನು ಕೊಟ್ಟು, ಅದರ ಮೇಲೆ ಕಲೆ ಬೀಳುವುದು ನಿಲ್ಲುವವರೆಗೆ ಹೊಲಿಯಬೇಕು ಎಂದಳು. ಹೊಲಿಯಬೇಕು ಎಂದರೆ ಹೊಲಿಗೆ ಬರಬೇಕಲ್ಲ. ಡ್ರೈವರ ಕಾಲಿಗೆ ಗೊತ್ತಿದ್ದದ್ದು ಎರಡೇ, ಒತ್ತುವುದು ಮತ್ತು ಬಿಡುವುದು. ಈ ಪೆಡಲ್ ತೊಟ್ಟಿಲಿನ ಹಾಗೆ ಮುಂಗಾಲು ಹಿಂಗಾಲು ಎರಡಕ್ಕೂ ತೂಗಬೇಕು. ಅವರು ಒತ್ತಿದ ಕೂಡಲೇ ಚಕ್ರ ಹಿಂದಕ್ಕೆ ತಿರುಗುತ್ತಿತ್ತು, ಕೆಳಗೆ ದಾರ ಗಂಟಾಗಿ ಪಟ್ಟನೆ ಹರಿಯುತ್ತಿತ್ತು.

"ರಿವರ್ಸಲ್ಲಿ ಹೋಗ್ತಿದ್ದೀರಿ" ಎನ್ನುತ್ತಿದ್ದಳು ತಂಗಿ. "ಮೊದಲು ಕೈಲಿ ಚಕ್ರನ ನಿಮ್ಮ ಕಡೆಗೆ ತಿರುಗಿಸಿ, ಆಮೇಲೆ ಕಾಲು."

ಕೈ ಚಕ್ರಕ್ಕೆ ಹೋದರೆ ಬಟ್ಟೆ ಜಾರುತ್ತಿತ್ತು. ಬಟ್ಟೆ ಹಿಡಿದರೆ ಚಕ್ರ ಹಿಂದಕ್ಕೆ. ಆ ವಾರವೆಲ್ಲ ಮನೆಯಲ್ಲಿ ಹರಕು ಬಟ್ಟೆಯೆಂಬುದೇ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಬಂದಾಗ ಒಲೆ ಒರೆಸುವ ಬಟ್ಟೆಗೂ ಅಡ್ಡಡ್ಡ ಹೊಲಿಗೆಯ ಗೆರೆಗಳು ಬಿದ್ದಿದ್ದವು.

ಒಂದು ವಿಷಯದಲ್ಲಿ ಮಾತ್ರ ಅವರು ಗೆದ್ದರು. ಚರ್ಮದ ಬೆಲ್ಟು ಸಡಿಲವಾಗಿ ಚಕ್ರದ ಮೇಲೆ ಜಾರುತ್ತಿತ್ತು. ತಂಗಿ ಬಾಯಿ ತೆಗೆಯುವ ಮೊದಲೇ ಅವರು ಅದನ್ನು ಬಿಚ್ಚಿ, ಒಂದು ಬೆರಳಗಲ ಕತ್ತರಿಸಿ, ಹೊಸ ತೂತು ಕೊರೆದು, ತಂತಿಯ ಕೊಂಡಿ ಹಾಕಿ, ಕೊಂಡಿಯನ್ನು ಸುತ್ತಿಗೆಯಿಂದ ಮಟ್ಟ ಮಾಡಿ ಕೂರಿಸಿದರು. ತಂಗಿ ಎಡಗೈಯಲ್ಲಿ ಬೆಲ್ಟನ್ನು ಒತ್ತಿ ನೋಡಿದಳು.

"ಇದು ನಿಮಗೆ ಬರತ್ತೆ" ಎಂದಳು. ಡ್ರೈವರು ಆ ದಿನ ಎರಡು ಲೋಟ ಚಹಾ ಕುಡಿದರು.

ಹೊಲಿಗೆ ಒಂದು ಗೆರೆಗೆ ಬಂದ ಮೇಲೆ ನರ್ಸಮ್ಮನ ಕೌದಿಯನ್ನು ಮುಂದಿನ ಕೋಣೆಯ ನೆಲದ ಮೇಲೆ ಹಾಸಿದೆವು. ಕೆಳಗಿನ ಬಟ್ಟೆ ಜಾರದಂತೆ ಅದರ ಅಂಚುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ಮೇಲೆ ನಡುವಿನ ಪದರ, ಅದರ ಮೇಲೆ ಜೋಡಿಸಿದ ತುಂಡುಗಳ ಪದರ. ಮಗಳು ಬೇಡವೆನ್ನುತ್ತಲೇ ಮಂಡಿಯೂರಿ ಕೂತಳು. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ, ಸವರಿದಲ್ಲೆಲ್ಲ ಪಿನ್ನು ಹಾಕುತ್ತಾ ಬಂದೆವು. ಒಣಗಿದ ಸೋಪಿನ ಚೂರಿನಿಂದ ಡ್ರೈವರು ಗೆರೆ ಎಳೆದರು. ಆ ಗೆರೆಗಳು ಮಾತ್ರ ಹೆದ್ದಾರಿಯ ಗೆರೆಗಳಷ್ಟು ನೇರ. ಆಮೇಲೆ ಎರಡೂ ಕಡೆಯಿಂದ ಚಾಪೆಯ ಹಾಗೆ ಸುತ್ತಿ, ಬಿಚ್ಚಿಕೊಳ್ಳದಂತೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಕಚ್ಚಿಸಿ, ಮೆಷಿನ್ನಿನ ತೋಳಿನ ಕೆಳಗೆ ತೂರಿಸಿದೆವು.

ತೆಳು ಸೂಜಿ ಮೊದಲ ದಪ್ಪ ಜೋಡಣೆಗೇ ಮುರಿಯಿತು. ತಂಗಿ ದಪ್ಪ ಸೂಜಿ ಹಾಕಿಸಿದಳು, ದಪ್ಪ ಬರುವ ಕಡೆ ಬಟ್ಟೆಗೆ ಒಣ ಸೋಪು ಉಜ್ಜಿಸಿದಳು. ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಡ್ರೈವರಿಗೆ ಹುರುಪು ಬಂತು. ನಡುವಿನ ಮೂರು ಗೆರೆಗಳನ್ನು ಒಂದೇ ಓಟದಲ್ಲಿ ಹೊಲಿದು, ಬೆವರು ಒರೆಸಿಕೊಂಡು ನಮ್ಮ ಕಡೆ ತಿರುಗಿದರು.

ತಂಗಿ ಎಡಗೈಯನ್ನು ಕೌದಿಯ ಅಡಿಗೆ ತೂರಿಸಿ, ಕಣ್ಣು ಮುಚ್ಚಿ, ಹೊಲಿದಷ್ಟನ್ನೂ ತಡವಿದಳು. ಕೈ ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು.

"ಅಡಿ ಬಟ್ಟೆ ಸುಕ್ಕಾಗಿದೆ. ಬಿಚ್ಚಿ."

"ಎಲ್ಲಿ?"

"ಮೂರು ಗೆರೇಲೂ ಇದೆ. ಮೂರನ್ನೂ ಬಿಚ್ಚಿ."

"ಅಡಿ ಯಾರು ನೋಡ್ತಾರೆ ಕಣೇ? ಮೇಲೆ ನೋಡು, ಹೇಗೆ ನೇರ ಬಂದಿದೆ."

"ಮೇಲಿರೋದು ನೋಡೋರಿಗೆ. ಅಡಿ ಇರೋದು ಹೊದ್ಕೊಳ್ಳೋಳಿಗೆ. ಬಿಚ್ಚಿ."

ಡ್ರೈವರು ಸ್ಟೂಲನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿದರು. "ಇಷ್ಟು ವರ್ಷ ಬಸ್ ಓಡಿಸಿದೀನಿ, ಒಬ್ಬ ಪ್ಯಾಸೆಂಜರ್ ಹೀಗೆ ಮಾತಾಡಿಲ್ಲ. ನನಗೂ ಬೆನ್ನಿದೆ. ನೀನು ಹೇಳ್ದ ಹಾಗೆಲ್ಲ ಹೊಲಿಯೋಕೆ ನಿನ್ನ ಕೈ ಅಲ್ಲ ನಾನು."

ಆಡಿದ ಮೇಲೆ ಆ ಮಾತು ಅವರಿಗೇ ತಗುಲಿತು. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದರು. ಮಗಳು "ಸಾಕಮ್ಮಾ ಇನ್ನು, ನರ್ಸಮ್ಮಂಗೆ ನಾನೇ ಹೇಳ್ತೀನಿ" ಎಂದು ಅಳುಕುತ್ತಾ ಹೇಳಿ ಅಂಗಡಿಗೆ ಹೋದಳು.

ತಂಗಿ ಎಡಗೈಯಲ್ಲಿ ಸಣ್ಣ ಕತ್ತರಿ ಎತ್ತಿಕೊಂಡಳು. ಹೊಲಿಗೆ ಬಿಚ್ಚಲು ಎರಡು ಕೈ ಬೇಕು, ಒಂದು ಬಟ್ಟೆ ಬಿಗಿಹಿಡಿಯಲು, ಒಂದು ದಾರ ಕತ್ತರಿಸಲು. ಅವಳು ಕೌದಿಯ ಒಂದು ಅಂಚನ್ನು ಸತ್ತ ಕೈಯ ಕೆಳಗೆ ಒತ್ತಿ, ಇನ್ನೊಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಕತ್ತು ಹಿಂದಕ್ಕೆಳೆದು ಬಟ್ಟೆ ಬಿಗಿ ಮಾಡಿದಳು. ಒಂದು ಹೊಲಿಗೆ ಕತ್ತರಿಸಿದಳು. ಇನ್ನೊಂದು. ನಾನು ಕೈ ಚಾಚಿದರೆ ಕಣ್ಣಲ್ಲೇ ತಡೆದಳು.

ಡ್ರೈವರು ಬಾಗಿಲಿಗೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತಿಗೆ ಅವಳ ಗಲ್ಲದ ಮೇಲೆ ಜೊಲ್ಲು ಇಳಿದಿತ್ತು, ಒಂದು ಗೇಣಿನಷ್ಟು ಗೆರೆ ಬಿಚ್ಚಿತ್ತು. ಅವರು ಚಪ್ಪಲಿ ಕಳಚಿದರು, ಬಂದು ನೆಲದ ಮೇಲೆ ಕೂತು ಕೌದಿಯ ಅಂಚನ್ನು ಅವಳ ಹಲ್ಲಿನಿಂದ ಬಿಡಿಸಿ ತಮ್ಮ ಎರಡೂ ಕೈಯಲ್ಲಿ ಹಿಡಿದರು.

"ಕತ್ತರಿಸು" ಎಂದರು.

ಅವಳು ಕತ್ತರಿಸಿದಳು, ಅವರು ಬಿಗಿಹಿಡಿದರು. ಮೂರು ಗೆರೆಯೂ ಬಿಚ್ಚಿತು. ಕಿತ್ತ ದಾರದ ಚೂರುಗಳನ್ನು ಅವಳು ಅಂಟು ಟೇಪಿನಿಂದ ಒತ್ತಿ ಎತ್ತಿದಳು, ಒಂದೂ ಉಳಿಯದಂತೆ.

ಆಮೇಲೆ ತಂಗಿ ಬಹಳ ಹೊತ್ತು ಮೆಷಿನ್ನನ್ನೇ ನೋಡುತ್ತಾ ಕೂತಳು. "ತಪ್ಪು ನಿಮ್ಮ ಕೈದಲ್ಲ, ಕಾಲಿಂದು" ಎಂದಳು. "ದಪ್ಪ ಬಂದ ಕಡೆ ನಿಧಾನ ಆಗಬೇಕು. ನಿಮ್ಮ ಕಾಲಿಗೆ ಅದು ಗೊತ್ತಿಲ್ಲ. ಒಂದೇ ಸಮ ಎಳೆದ್ರೆ ಅಡಿ ಬಟ್ಟೆ ಹಿಂದೆ ಉಳಿಯತ್ತೆ. ನನ್ನ ಕುರ್ಚಿ ಈ ಕಡೆ ಹಾಕಿ, ಚಕ್ರದ ಪಕ್ಕಕ್ಕೆ."

ಅವರ ಬಲಗಡೆ, ಚಕ್ರದ ಪಕ್ಕದಲ್ಲಿ ಕುರ್ಚಿ ಹಾಕಿದೆ. ಅಲ್ಲಿ ಕೂತರೆ ಅವಳ ಎಡಗೈ ಚಕ್ರಕ್ಕೆ ಸರಿಯಾಗಿ ಬರುತ್ತಿತ್ತು, ಯಾರೋ ಅಳತೆ ನೋಡಿ ಇಟ್ಟ ಹಾಗೆ.

"ಆಕ್ಸಿಲರೇಟರ್ ನಿಮ್ಮದು, ಬ್ರೇಕ್ ನಂದು" ಎಂದಳು.

"ಸ್ಟೇರಿಂಗು?"

"ಅದೂ ನಿಮ್ಮದೇ. ದಾರಿ ನಾನು ಹೇಳ್ತೀನಿ."

"ಹಾಗಾದ್ರೆ ನೀನು ಕಂಡಕ್ಟರ್ ಅನ್ನು."

"ಹೌದು, ನನ್ನ ಬೈದ್ರೆ ಬಸ್ಸಿಂದ ಇಳಿಸ್ತೀನಿ" ಎಂದಳು ತಂಗಿ.

ಅವಳು ಚಕ್ರವನ್ನು ಒಮ್ಮೆ ತನ್ನ ಕಡೆಗೆ ತಿರುಗಿಸಿದಳು, ಅವರು ತುಳಿದರು. ದಾರ ಹರಿಯಲಿಲ್ಲ. ಅವರ ಎರಡೂ ಕೈ ಬಟ್ಟೆಯ ಮೇಲೆ ಚಪ್ಪಟೆಯಾಗಿದ್ದವು, ಸೂಜಿಯ ಎರಡೂ ಕಡೆ. ದಪ್ಪ ಬಂದಾಗ ಅವಳ ಅಂಗೈ ಚಕ್ರವನ್ನು ತಡೆಯುತ್ತಿತ್ತು, ಸೂಜಿ ಒಂದೊಂದೇ ಹೊಲಿಗೆ ಇಟ್ಟು ದಾಟುತ್ತಿತ್ತು. ದಾಟಿದ ಮೇಲೆ ಬಿಡುತ್ತಿದ್ದಳು. ಗೆರೆ ಮುಗಿದಾಗ ಅಡಿಯನ್ನು ತಡವಿ ನೋಡಿದಳು. ಕೈ ಎಲ್ಲೂ ನಿಲ್ಲಲಿಲ್ಲ. ಮುಂದಿನ ಗೆರೆಗೆ ಚಕ್ರ ತಿರುಗಿಸಿದಳು.

ಆಮೇಲೆ ದಿನವೂ ಹಾಗೇ. ಬೆಳಿಗ್ಗೆ ಡ್ರೈವರು ಮೆಷಿನ್ನಿನ ಸುತ್ತ ಒಂದು ಸುತ್ತು ಬರುತ್ತಿದ್ದರು. ಬೆಲ್ಟು ಒತ್ತಿ ನೋಡುವರು, ಸೂಜಿಯ ತುದಿಯನ್ನು ಉಗುರಿನ ಮೇಲೆ ಎಳೆದು ಗೀರು ಬೀಳುತ್ತದೆಯೇ ನೋಡುವರು, ಬಿದ್ದರೆ ತುದಿ ಕೆಟ್ಟಿತೆಂದು ಬದಲಿಸುವರು. ತಟ್ಟೆ ಬಿಚ್ಚಿ ಬ್ರಷ್ಷು ಹಾಕುವರು. ಒಂದು ದಿನ ಹೊಲಿಯುತ್ತಿದ್ದವರು ತಟಕ್ಕನೆ ಕಾಲು ನಿಲ್ಲಿಸಿ ಕಿವಿಗೊಟ್ಟರು. "ಒಳಗೆ ಏನೋ ಸಿಕ್ಕಿದೆ" ಎಂದರು. ನನಗೇನೂ ಕೇಳಿಸಿರಲಿಲ್ಲ. ಅಡಿ ದಾರ ಸುತ್ತಿಡುವ ಬಾಬಿನ್ನಿನ ಡಬ್ಬಿಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು. ತಂಗಿ ನನ್ನ ಮುಖ ನೋಡಿ, "ಕಿವಿ ಇತ್ತು ನೋಡಕ್ಕಾ, ಇಷ್ಟು ವರ್ಷ ಎಲ್ಲಿಟ್ಟಿದ್ರೋ" ಎಂದಳು.

ಕೌದಿಯ ನಾಲ್ಕು ಬದಿಗೆ ಅಂಚುಪಟ್ಟಿ ಹೊಲಿಯುವುದು ಅರ್ಧ ಆಗಿದ್ದಾಗ ನರ್ಸಮ್ಮ ಬಂದುಬಿಟ್ಟಳು. ತಿಂಗಳ ಕೊನೆಗಿಂತ ಮೊದಲೇ ಹೊರಡಬೇಕಾಗಿ ಬಂದಿತ್ತಂತೆ, ಸಾಮಾನೆಲ್ಲ ಕಟ್ಟಿ ಆಗಿತ್ತಂತೆ. ಬಾಗಿಲಲ್ಲೇ ನಿಂತು, "ಎಷ್ಟಾಗಿದೆಯೋ ಅಷ್ಟೇ ಕೊಡಿ, ಪರವಾಗಿಲ್ಲ" ಎಂದಳು.

"ಕೂತ್ಕೋಮ್ಮಾ" ಎಂದಳು ತಂಗಿ. "ಇನ್ನೆರಡು ಬದಿ ಇದೆ. ಅಕ್ಕ ಚಹಾ ಮಾಡ್ತಾಳೆ."

ನರ್ಸಮ್ಮ ಕೂತಳು. ಚಹಾ ಕೈಯಲ್ಲಿ ಹಿಡಿದು, ಕುಡಿಯದೆ, ಆ ಮೂರು ಕೈಗಳನ್ನೇ ನೋಡುತ್ತಿದ್ದಳು. ಮೂಲೆ ತಿರುಗಿಸುವ ಕಡೆ ಡ್ರೈವರು ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಪಾದ ಎತ್ತಿ, ಅಷ್ಟು ದೊಡ್ಡ ಕೌದಿಯನ್ನು ತಿರುವಿನಲ್ಲಿ ಬಸ್ಸು ತಿರುಗಿಸಿದ ಹಾಗೆ ಅಗಲವಾಗಿ ತಿರುಗಿಸಿದರು. ಯಾರೂ ಅವಸರ ಮಾಡಲಿಲ್ಲ. ಕೊನೆಯ ಹೊಲಿಗೆ ಬಿದ್ದಾಗ ತಂಗಿ ಚಕ್ರದಿಂದ ಕೈ ತೆಗೆದು ಬೆರಳು ಮಡಚಿ ಬಿಡಿಸಿದಳು.

ನರ್ಸಮ್ಮ ಕೌದಿಯನ್ನು ಮಂಚದ ಮೇಲೆ ಹರಡಿದಳು. ಮೊದಲು ನೋಡಿದ್ದು ಮೇಲ್ಭಾಗವನ್ನಲ್ಲ. ಮಗುಚಿ ಅಡಿಯನ್ನು ಅಂಗೈಯಿಂದ ಸವರಿದಳು, ಈ ತುದಿಯಿಂದ ಆ ತುದಿಯವರೆಗೆ. ಆಮೇಲೆ ಮೇಲಕ್ಕೆ ಮಾಡಿ, ತಾಯಿಯ ಜೇಬಿನ ತುಂಡು ಹುಡುಕಿ, ಅದರೊಳಗೆ ಎರಡು ಬೆರಳು ಇಟ್ಟಳು. ಜೇಬನ್ನು ತಂಗಿ ಬಾಯಿ ಮುಚ್ಚದೆ ಹಾಗೇ ಉಳಿಸಿದ್ದಳು.

"ಇಲ್ಲೊಂದು ಗೆರೆ ಸ್ವಲ್ಪ ಬಾಗಿದೆ" ಎಂದು ಡ್ರೈವರೇ ತೋರಿಸಿದರು, ಯಾರೂ ಕೇಳದೆ. "ಅಲ್ಲಿ ಸ್ವಲ್ಪ ತಿರುವು ಇತ್ತು."

"ಬೇಕಿದ್ರೆ ಬಿಚ್ಚಿ ಹೊಲೀತೀವಿ" ಎಂದಳು ತಂಗಿ. ಅವಳು ತಮಾಷೆಗೆ ಹೇಳಿರಲಿಲ್ಲ.

"ಬೇಡ" ಎಂದಳು ನರ್ಸಮ್ಮ. ಕೌದಿಯನ್ನು ಮಡಚಿ ಎದೆಗೆ ಹಿಡಿದುಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು. "ನಮ್ಮ ವಾರ್ಡಲ್ಲಿ ಕೆಲಸ ಮಾಡೋ ಆಯಾ ಹತ್ರ ಒಂದು ಗಂಟು ಬಟ್ಟೆ ಇದೆ. ನೀವಿನ್ನು ಹೊಲಿಯಲ್ಲ ಅಂತ ಹೇಳಿದ್ದೆ. ಏನು ಹೇಳಲಿ?"

ಮಗಳು ಅಂಗಡಿಯಿಂದ ಬಂದು ಹಿಂದೆಯೇ ನಿಂತಿದ್ದಳು. ತಾಯಿಯ ಮಂಚಕ್ಕೆಂದು ಗುರುತಿಟ್ಟ ಕಿಟಕಿಯ ಜಾಗವನ್ನು ನೋಡಿದಳು, ತಾಯಿಯ ಮುಖ ನೋಡಿದಳು, ಬಗ್ಗಿ ಮೆಷಿನ್ನಿನ ಕೆಳಗೆ ಬಿದ್ದ ದಾರದ ಚೂರುಗಳನ್ನು ಆರಿಸತೊಡಗಿದಳು.

"ತೊಳೆದು ಒಣಗಿಸಿ ತರೋಕೆ ಹೇಳು" ಎಂದಳು ತಂಗಿ. "ಬಣ್ಣ ಬಿಡೋ ಬಟ್ಟೆ ಇದ್ರೆ ಬೇರೆ ಕಟ್ಟಿರಲಿ."

ನರ್ಸಮ್ಮ ಬೀದಿಯ ತಿರುವು ದಾಟುವವರೆಗೆ ನೋಡಿ, ತಂಗಿ ಒಳಗೆ ಹೋಗಲು ನನ್ನ ತೋಳು ಹಿಡಿದಳು. ಎರಡು ಹೆಜ್ಜೆ ಇಟ್ಟು ನಿಂತು, ಹಿಂದೆ ತಿರುಗದೆ ಹೇಳಿದಳು.

"ರೀ, ಪಾದದ ಕೆಳಗೆ ಚೂರು ಬಟ್ಟೆ."

"ಇಟ್ಟಾಯ್ತು ಕಣೇ" ಎಂದರು ಡ್ರೈವರು.

ನಾನು ತಿರುಗಿ ನೋಡಿದೆ. ನಿಜವಾಗಿ ಇಟ್ಟಿದ್ದರು.